ಸಾವಿತ್ರಿ ಕೋಂ ರಾಮಪ್ಪ

ಪಹಣಿ ನೋಡಿ ಗೊತ್ತಿರುವವರಿಗೆ ತಲೆಬರಹ ಓದಿದ ಕೂಡಲೇ ಅರ್ಥ ಆಗಿರುತ್ತದೆ. ರಾಮಪ್ಪನವರ ಹೆಂಡತಿ ಸಾವಿತ್ರಿ. ಕಂದಾಯ ಇಲಾಖೆಯ ಕಾಗದಗಳಲ್ಲಿ ‘ಬಿನ್’ ಅಂದರೆ ಇಂಥವರ ಮಗ, ‘ಕೋಂ’ ಅಂದರೆ ಇಂಥವರ ಹೆಂಡತಿ. ಊರ ಕಡೆ ತುಂಡು ಜಮೀನಿರುವ ಮನೆಯಲ್ಲಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹೋದ ವರ್ಷ ನಾನು ಕೂತಿದ್ದ ಒಂದು ಪರೀಕ್ಷೆಯಲ್ಲಿ, ಟೇಬಲ್ ಮೇಲಿದ್ದ ಇಂಗ್ಲಿಷ್ ಅನುವಾದದಲ್ಲಿ, ಆ ಹೆಂಗಸಿನ ಪೂರ್ತಿ ಹೆಸರೇ ‘ಸಾವಿತ್ರಿ ಕೋಮ್ ರಾಮಪ್ಪ’ ಆಗಿಬಿಟ್ಟಿತ್ತು. ಪಾಸ್‌ಪೋರ್ಟ್‌ನಲ್ಲಿ ಬರೀ ಸಾವಿತ್ರಮ್ಮ, ಸರ್‌ನೇಮ್ ಜಾಗ ಖಾಲಿ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಸಾವಿತ್ರಮ್ಮ ಟಿ. ಆರ್. ಮೂರು ಕಾಗದ, ಮೂರು ಹೆಸರು. ಈ ಮೂವರೂ ಒಬ್ಬರೇನಾ? ಅದೇ ಮೊದಲನೇ ಪ್ರಶ್ನೆ.

ಅದು ವೀಸಾ ವಿಭಾಗದ ಕೆಲಸಕ್ಕೆ ನಡೆದ ಪರೀಕ್ಷೆ. ಬೆಂಗಳೂರಿನಲ್ಲಿರುವ ಒಂದು ವಿದೇಶಿ ಸರ್ಕಾರದ ಕಾನ್ಸುಲೇಟ್. ಯಾವ ದೇಶ ಅಂತ ಹೇಳುವುದಿಲ್ಲ, ಹೇಳಬೇಕಾದ ಮಾತಿಗೆ ಅದು ಬೇಕಾಗಿಯೂ ಇಲ್ಲ. ನಾನು ಏಳು ವರ್ಷ ಜಯನಗರದ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ವೀಸಾ ಕಾಗದ ಜೋಡಿಸುವ ಕೆಲಸ ಮಾಡಿದವಳು. ಅಷ್ಟೂ ವರ್ಷ ಫೈಲ್ ಕಟ್ಟಿ ಆಚೆ ಕಳಿಸುತ್ತಿದ್ದೆ. ಆಚೆ ಕೂತು ಅದನ್ನು ಬಿಚ್ಚಿ ಓದುವವರು ಏನು ನೋಡುತ್ತಾರೆ ಅನ್ನುವ ಕುತೂಹಲ ನನಗೆ ಮೊದಲಿಂದಲೂ ಇತ್ತು. ಜಾಹೀರಾತು ನೋಡಿದ ದಿನವೇ ಅರ್ಜಿ ಹಾಕಿದೆ.

ಇಂಥ ಕೆಲಸ ಇದೆ ಅಂತಲೇ ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ವೀಸಾ ಆಫೀಸ್ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಟೋಕನ್ ಕೊಟ್ಟು, ಬೆರಳಚ್ಚು ತೆಗೆದುಕೊಳ್ಳುವ ವೀಸಾ ಸೆಂಟರ್. ಅದು ಖಾಸಗಿ ಕಂಪನಿ. ಅವರು ಕಾಗದ ಇಸಿದುಕೊಂಡು ಕಳಿಸುತ್ತಾರೆ, ವೀಸಾ ಕೊಡುವ ಅಧಿಕಾರ ಅವರಿಗಿಲ್ಲ. ನಮ್ಮದೇ ಸರ್ಕಾರದ ವೀಸಾ ಕೆಲಸ ಬೇರೆ ಇದೆ. ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ಎಫ್‌ಆರ್‌ಆರ್‌ಓ ಕಚೇರಿಯಲ್ಲಿ ಇಲ್ಲಿರುವ ವಿದೇಶಿಯರ ನೋಂದಣಿ, ವೀಸಾ ವಿಸ್ತರಣೆ ನಡೆಯುತ್ತದೆ. ಅದು ಕೇಂದ್ರ ಗೃಹ ಇಲಾಖೆಯ ಕೈಕೆಳಗೆ ಬರುತ್ತದೆ, 2018ರಿಂದ ಅರ್ಜಿಯೆಲ್ಲ ಆನ್‌ಲೈನ್. ಇವೆರಡೂ ಅಲ್ಲದ ಮೂರನೆಯದು ಕಾನ್ಸುಲೇಟ್‌ಗಳು ಇಲ್ಲಿನವರನ್ನೇ ತೆಗೆದುಕೊಳ್ಳುವ ಕೆಲಸ. ಕೊನೆಯ ಸಹಿ ಸಾಮಾನ್ಯವಾಗಿ ಆ ದೇಶದ ಅಧಿಕಾರಿಯದು. ಆದರೆ ಫೈಲನ್ನು ಮೊದಲು ಬಿಚ್ಚಿ, ಕಾಗದಕ್ಕೆ ಕಾಗದ ತಾಳೆ ನೋಡಿ, ‘ಇಲ್ಲಿ ಅನುಮಾನ ಇದೆ’ ಅಂತ ಗುರುತು ಹಾಕುವುದು ಎಷ್ಟೋ ಕಡೆ ಇಲ್ಲಿನ ಸಿಬ್ಬಂದಿ. ಆ ಮೊದಲ ಓದು ಎಷ್ಟು ಮುಖ್ಯ ಅಂತ ನನಗೆ ಅವತ್ತು ಗೊತ್ತಾಯಿತು.

ಜಾಹೀರಾತಿನಲ್ಲಿ ಭಾಷೆಗೆ ಮೂರು ಸಾಲಿತ್ತು. ಇಂಗ್ಲಿಷ್ ಚೆನ್ನಾಗಿ ಬರಬೇಕು. ಆ ದೇಶದ ಭಾಷೆ ಇಷ್ಟು ಮಟ್ಟಕ್ಕೆ ಬರಬೇಕು. ಕನ್ನಡ ಬಂದರೆ ಒಳ್ಳೆಯದು. ಈ ಮೂರನೇ ಸಾಲಿನ ಬಗ್ಗೆಯೇ ನನ್ನ ತಕರಾರು.

ಅರ್ಜಿ ಹಾಕಿ ಒಂಬತ್ತು ವಾರ ಏನೂ ಸುದ್ದಿ ಇಲ್ಲ. ಆಮೇಲೆ ಒಂದು ದಿನ ಇಮೇಲ್ ಬಂತು. ಬೆಳಗ್ಗೆ ಹನುಮಂತನಗರದಿಂದ ಆಟೋ ಹಿಡಿದು ಹೋದೆ. ಗೇಟಿನಲ್ಲೇ ಮೊಬೈಲ್, ಪೆನ್‌ಡ್ರೈವ್, ನೀರಿನ ಬಾಟಲಿ ಎಲ್ಲ ತೆಗೆದಿಟ್ಟುಕೊಂಡರು. ಬರವಣಿಗೆ ಪರೀಕ್ಷೆಗೆ ಒಂದೂವರೆ ಗಂಟೆ. ಸಿಟ್ಟಿನಲ್ಲಿ ಬರೆದ ಅರ್ಜಿದಾರರೊಬ್ಬರಿಗೆ ಉತ್ತರ ಬರೆಯುವುದು ಒಂದು, ಸಣ್ಣ ಅನುವಾದ ಒಂದು. ಅವೆರಡೂ ಸಲೀಸಾಗಿ ಮುಗಿದವು. ಮೂರನೆಯದೇ ಈ ಫೈಲ್. ನಿಜವಾದ ಅರ್ಜಿಯನ್ನೇ ಹೆಸರು ಬದಲಿಸಿ ಇಟ್ಟಿದ್ದೇವೆ ಅಂದರು.

ಸಾವಿತ್ರಮ್ಮ, 58 ವರ್ಷ, ಗಂಡ ಇಲ್ಲ, ತೀರ್ಥಹಳ್ಳಿ ತಾಲ್ಲೂಕು. ಮಗಳು ಆ ದೇಶದಲ್ಲಿ ಕೆಲಸದಲ್ಲಿದ್ದಾಳೆ, ಬಸುರಿ. ತಾಯಿ ಕೇಳಿದ್ದು 90 ದಿನ. ನಾವು ಮಾಡಬೇಕಿದ್ದದ್ದು ಇಷ್ಟೇ: ಫೈಲಿನಲ್ಲಿ ಅನುಮಾನ ಬರುವ ಅಂಶಗಳನ್ನು ಬರೆದು, ಯಾವುದಕ್ಕೆ ವಿವರಣೆ ಕೇಳಬೇಕು, ಯಾವುದಕ್ಕೆ ಬೇಡ ಅಂತ ಹೇಳುವುದು.

ಫೈಲಿನ ಮೇಲೆ ಮೊದಲೇ ಯಾರೋ ಪೆನ್ಸಿಲ್‌ನಲ್ಲಿ ನಾಲ್ಕು ಗುರುತು ಹಾಕಿದ್ದರು. ಹೆಸರು ಹೊಂದುತ್ತಿಲ್ಲ. ಆದಾಯ ತೆರಿಗೆ ರಿಟರ್ನ್ ಇಲ್ಲ. ಖಾತೆಯಲ್ಲಿ ಐದು ತಿಂಗಳು ಮೂರು ನಾಲ್ಕು ಸಾವಿರ ಆಡಿಕೊಂಡಿದ್ದು, ಅರ್ಜಿ ಹಾಕುವ ಮೂರು ವಾರ ಮುಂಚೆ ಒಂದೇ ಸಲ 6,24,000 ರೂಪಾಯಿ ಜಮೆ ಆಗಿದೆ. ಸುಮ್ನೆ ಮಗಳನ್ನು ನೋಡಿ ಬರುವುದಕ್ಕೆ 90 ದಿನ ಯಾಕೆ?

ನಿಯಮದ ಪುಸ್ತಕ ಮಾತ್ರ ಓದಿದವರು ಈ ನಾಲ್ಕೂ ಗುರುತು ಹಾಕುವುದು ಸಹಜ, ಅದರಲ್ಲಿ ತಪ್ಪಿಲ್ಲ. ವೀಸಾಕ್ಕೆ ಮುಂಚೆ ಎಲ್ಲಿಂದಲೋ ದುಡ್ಡು ತಂದು ಖಾತೆಗೆ ಹಾಕಿ ತೋರಿಸುವವರು ನಿಜವಾಗಿಯೂ ಇದ್ದಾರೆ, ಏಜೆನ್ಸಿಯಲ್ಲಿ ನಾನೇ ನೋಡಿದ್ದೇನೆ. ಆದರೆ ಆ ಫೈಲಿನ ಕೊನೆಯಲ್ಲಿ ಅಂಗೈಯಗಲದ ಒಂದು ಚೀಟಿ ಇತ್ತು. ಪೂರ್ತಿ ಕನ್ನಡದಲ್ಲಿ, ಕಾರ್ಬನ್ ಹಾಳೆಯ ನೀಲಿ ಅಕ್ಷರ. ಅನುವಾದ ಮಾಡಿಸಿರಲಿಲ್ಲ, ಹಾಗಾಗಿ ಯಾರೂ ಅದರ ಪಕ್ಕ ಏನೂ ಬರೆದಿರಲಿಲ್ಲ. ಅದು ಅಡಿಕೆ ಮಂಡಿಯ ಪಟ್ಟಿ. 13 ಕ್ವಿಂಟಾಲ್ ರಾಶಿ ಅಡಿಕೆ, ಕ್ವಿಂಟಾಲ್‌ಗೆ 48,000. ಗುಣಿಸಿ ನೋಡಿ. 6,24,000. ರೂಪಾಯಿಗೆ ರೂಪಾಯಿ ಸರಿ.

ಅಡಿಕೆ ಬೆಳೆಯುವ ಮನೆಯಲ್ಲಿ ತಿಂಗಳು ತಿಂಗಳು ಸಂಬಳ ಬರುವುದಿಲ್ಲ. ಮಳೆಗಾಲ ಮುಗಿದ ಮೇಲೆ ಕೊಯ್ಲು, ಸುಲಿದು ಬೇಯಿಸಿ ಒಣಗಿಸಿ ಮೂಟೆ ಕಟ್ಟಿಡುತ್ತಾರೆ. ರೇಟು ನೋಡಿಕೊಂಡು, ಕೈಗೆ ದುಡ್ಡು ಬೇಕಾದಾಗ ಮಂಡಿಗೆ ಹಾಕುತ್ತಾರೆ. ಆಕೆಗೆ ಬೇಕಾಗಿದ್ದದ್ದು ಮಗಳ ಬಾಣಂತನಕ್ಕೆ. ಆವಾಗಲೇ ಹಾಕಿದ್ದಾರೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ ಸಹ ಇಲ್ಲ. 90 ದಿನದ ಮಾತಿಗೆ ಬಂದರೆ, ಬಾಣಂತನ ಅಂದರೆ ಮೂರು ತಿಂಗಳು ಅಂತ ನಮ್ಮಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆಕೆ 15 ದಿನಕ್ಕೆ ಅರ್ಜಿ ಹಾಕಿದ್ದರೆ ನನಗೆ ಅನುಮಾನ ಬರುತ್ತಿತ್ತು!

ಇಷ್ಟನ್ನೂ ಬರೆದೆ. ಆದರೆ ಒಂದು ಕಡೆ ವಿವರಣೆ ಕೇಳಬೇಕು ಅಂತಲೂ ಬರೆದೆ. ಪಹಣಿಯ 9ನೇ ಕಾಲಂನಲ್ಲಿ ಸಾವಿತ್ರಿ ಜೊತೆಗೆ ಇನ್ನೊಬ್ಬರ ಹೆಸರೂ ಇತ್ತು, ಅಂದರೆ ಜಮೀನು ಇಬ್ಬರ ಹೆಸರಿನಲ್ಲಿ, ಜಂಟಿ ಖಾತೆ. ಮಂಡಿ ಪಟ್ಟಿಯಲ್ಲಿ ಮಾತ್ರ ಆಕೆ ಒಬ್ಬರದೇ ಹೆಸರು. ಆ ದುಡ್ಡು ಪೂರ್ತಿ ಆಕೆಯದೇನಾ? ಮೈದುನನೋ ಯಾರೋ ಇರಬಹುದು. ಒಂದು ಫೋನ್ ಮಾಡಿ ಕೇಳಿದರೆ ಮುಗಿಯುತ್ತದೆ. ನಾಲ್ಕು ಗುರುತಿನಲ್ಲಿ ಈ ಪ್ರಶ್ನೆ ಇರಲಿಲ್ಲ, ಯಾಕೆಂದರೆ ಮೂಲ ಪಹಣಿಯನ್ನು ಯಾರೂ ಓದಿರಲಿಲ್ಲ. ಅನುವಾದ ಮಾಡಿದವರು ಎರಡನೇ ಹೆಸರನ್ನೇ ಬಿಟ್ಟಿದ್ದರು.

ಎರಡು ವಾರದ ನಂತರ ಇಂಟರ್‌ವ್ಯೂ. ಎದುರಿಗೆ ಮೂವರು. ವೀಸಾ ವಿಭಾಗದ ಮುಖ್ಯಸ್ಥರು, ಎಚ್‌ಆರ್‌ನವರು, ಬಹಳ ವರ್ಷದಿಂದ ಅಲ್ಲೇ ಇರುವ ಇಲ್ಲಿನ ಸಿಬ್ಬಂದಿ ಒಬ್ಬರು. ಪ್ರಶ್ನೆಗಳೆಲ್ಲ ಒಂದೇ ರೀತಿ: ಹೀಗಾಗಿದ್ದಾಗ ನೀವು ಏನು ಮಾಡಿದ್ದಿರಿ, ಒಂದು ಉದಾಹರಣೆ ಕೊಡಿ. ಇಂಥ ಕೆಲಸಕ್ಕೆ ಹೋಗುವವರಿಗೆ ಒಂದು ಮಾತು. ‘ನಾನು ಪ್ರಾಮಾಣಿಕಳು, ಕಷ್ಟಪಟ್ಟು ದುಡಿಯುತ್ತೇನೆ’ ಅಂತ ಹೇಳಿದರೆ ಅವರು ಪೆನ್ನು ಎತ್ತುವುದಿಲ್ಲ. ಯಾವ ಫೈಲು, ಏನು ತಪ್ಪಾಗಿತ್ತು, ನೀವೇನು ಮಾಡಿದಿರಿ, ಆಮೇಲೆ ಏನಾಯಿತು, ಅದನ್ನು ಹೇಳಿ. ಹೋಗುವ ಮುಂಚೆ ನಿಮ್ಮ ಕೆಲಸದ ಐದಾರು ಘಟನೆ ನೆನಪು ಮಾಡಿಕೊಂಡು ಹೋಗಿ. ಇನ್ನೊಂದು, ನಿಜವಾದ ಕಾನ್ಸುಲೇಟ್ ಅರ್ಜಿಗೆ ದುಡ್ಡು ಕೇಳುವುದಿಲ್ಲ. ಡೆಪಾಸಿಟ್ ಕಟ್ಟಿ ಅಂತ ಮೆಸೇಜ್ ಬಂದರೆ ಅದು ಮೋಸ.

ಸಂಬಂಧಿಕರ ಫೈಲ್ ಬಂದರೆ ಏನು ಮಾಡುತ್ತೀರಿ ಅಂತ ಕೇಳಿದರು. ಮೇಲಿನವರಿಗೆ ಹೇಳಿ ಆ ಫೈಲಿನಿಂದ ದೂರ ಉಳಿಯುತ್ತೇನೆ ಅಂದೆ. ಅದು ಪುಸ್ತಕದ ಉತ್ತರ ಇದ್ದ ಹಾಗೆ ಕೇಳಿಸುತ್ತದೆ, ಆದರೆ ಆ ವಾರ ನಾನು ಅದನ್ನು ಮನೆಯಲ್ಲೇ ಅನುಭವಿಸಿದ್ದೆ. ಅಮ್ಮ ಖುಷಿಗೆ ಎದುರುಮನೆ ಆಂಟಿಗೆ ಹೇಳಿದ್ದರು. ಕೆಲಸ ಸಿಗುವ ಮೊದಲೇ ಆಂಟಿ ತಮ್ಮ ಅಳಿಯನ ಪಾಸ್‌ಪೋರ್ಟ್ ಜೆರಾಕ್ಸ್ ತಂದುಕೊಟ್ಟು, ‘ನೀನೇ ಒಳಗಿದ್ದರೆ ನಮಗೇನು ಚಿಂತೆ ಬಿಡಮ್ಮ’ ಅಂದರು. ಆ ಜೆರಾಕ್ಸ್ ವಾಪಸ್ ಕೊಡುವಾಗ ಅವರ ಮುಖ ಸಣ್ಣದಾಯಿತು. ಇವತ್ತಿಗೂ ಮೊದಲಿನ ಹಾಗೆ ಮಾತಾಡುವುದಿಲ್ಲ. ನನಗೆ ಅದರ ಬೇಸರ ಇದೆ. ಮತ್ತೆ ತಂದುಕೊಟ್ಟರೂ ವಾಪಸ್ಸೇ ಕೊಡುತ್ತೇನೆ.

ಮುಖ್ಯಸ್ಥರು ಕೇಳಿದ ಒಂದು ಪ್ರಶ್ನೆ ಈಗಲೂ ತಲೆಯಲ್ಲಿದೆ. ‘ಇಲ್ಲಿನ ಕಾಗದ, ಇಲ್ಲಿನ ಜನ ನಿಮಗೆ ಚೆನ್ನಾಗಿ ಗೊತ್ತು. ಅದಕ್ಕೇ ನೀವು ಬೇಗ ನಂಬಿಬಿಡುವುದಿಲ್ಲವೇ?’ ನ್ಯಾಯವಾದ ಪ್ರಶ್ನೆ. ನಮ್ಮೂರು, ನಮ್ಮವರು ಅನ್ನುವುದು ಎಲ್ಲರಿಗೂ ಇರುತ್ತದೆ. ನಾನು ಏಜೆನ್ಸಿಯಲ್ಲಿ ನಡೆದದ್ದನ್ನು ಹೇಳಿದೆ. ಒಬ್ಬರು ತಂದ ಪಹಣಿಯಲ್ಲಿ ವಿಸ್ತೀರ್ಣ 2 ಎಕರೆ 43 ಗುಂಟೆ ಅಂತಿತ್ತು. ಸೀಲು, ಸಹಿ, ಅನುವಾದ, ನೋಟರಿ ಎಲ್ಲ ಸರಿ ಇತ್ತು. ಆದರೆ 40 ಗುಂಟೆಗೆ ಒಂದು ಎಕರೆ. 43 ಗುಂಟೆ ಅಂತ ಪಹಣಿಯಲ್ಲಿ ಬರಲು ಸಾಧ್ಯವೇ ಇಲ್ಲ, 3 ಎಕರೆ 3 ಗುಂಟೆ ಆಗಬೇಕು. ಅದು ಯಾರೋ ಕಂಪ್ಯೂಟರ್‌ನಲ್ಲಿ ಕೂತು ಮಾಡಿದ ಕಾಗದ. ಆ ಫೈಲನ್ನು ನಾವು ಕಳಿಸಲಿಲ್ಲ. ಗೊತ್ತಿರುವುದು ನಂಬುವುದಕ್ಕೂ ಬೇಕು, ಹಿಡಿಯುವುದಕ್ಕೂ ಬೇಕು ಅಂದೆ. ಆ ಹಿರಿಯ ಸಿಬ್ಬಂದಿ ಮೊದಲ ಬಾರಿಗೆ ತಲೆಯೆತ್ತಿ ನೋಡಿದರು.

ಕೊನೆಗೆ ‘ನಿಮಗೇನಾದರೂ ಕೇಳುವುದಿದೆಯೇ’ ಅಂದರು. ಕನ್ನಡ ಓದಲು ಬರುತ್ತದೆಯೇ ಅಂತ ಪರೀಕ್ಷೆಯಲ್ಲಿ ಯಾಕೆ ನೋಡುವುದಿಲ್ಲ ಅಂತ ಕೇಳಿದೆ. ಅರ್ಜಿದಾರರು ಅನುವಾದ ಕೊಡುತ್ತಾರಲ್ಲ, ಅದು ಸಾಕು ಅಂದರು. ಸಾಕಾಗಲಿಲ್ಲವಲ್ಲ! ಅನುವಾದ ಮಾಡಿದವರು ‘ಕೋಂ’ ಅನ್ನು ಹೆಸರಿಗೆ ಸೇರಿಸಿದ್ದಾರೆ, ಜಂಟಿ ಖಾತೆಯನ್ನು ಬಿಟ್ಟಿದ್ದಾರೆ, ಮಂಡಿ ಪಟ್ಟಿಯನ್ನು ಮುಟ್ಟಿಯೇ ಇಲ್ಲ. ಕೋಣೆಯಲ್ಲಿ ಇಷ್ಟು ಗಟ್ಟಿಯಾಗಿ ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಒಂದು ಫೈಲ್ ಬಿದ್ದುಹೋದರೆ ಏನಾಗುತ್ತದೆ ಅಂತ ಯೋಚಿಸಿ. ಯುರೋಪಿನ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯೂರೋ. ನಿರಾಕರಿಸಿದರೆ ಅದು ವಾಪಸ್ ಬರುವುದಿಲ್ಲ. ಆ ನಿರಾಕರಣೆ ಅವರ ಕಂಪ್ಯೂಟರ್‌ನಲ್ಲಿ ದಾಖಲಾಗುತ್ತದೆ. ಬೇರೆ ದೇಶಗಳ ಫಾರ್ಮ್‌ನಲ್ಲೂ ‘ಹಿಂದೆ ವೀಸಾ ನಿರಾಕರಣೆ ಆಗಿದೆಯೇ’ ಅಂತ ಕೇಳುತ್ತಾರೆ. ದುಡ್ಡು ಹೇಗೋ ಹೊಂದಿಸಬಹುದು. ಮಗಳ ಹೆರಿಗೆ ದಿನಾಂಕ ಮುಂದಕ್ಕೆ ಹೋಗುವುದಿಲ್ಲ. ತಾಯಿ ಪಕ್ಕದಲ್ಲಿಲ್ಲದ ಬಾಣಂತನ ಹೇಗಿರುತ್ತದೆ ಅಂತ ನನ್ನ ಅಕ್ಕನ ಮನೆಯಲ್ಲಿ ನೋಡಿದ್ದೇನೆ. ಮಗು ಅಳುವುದನ್ನು, ಅಕ್ಕ ಅಳುವುದನ್ನು ಅಮ್ಮ ಇಲ್ಲಿ ರಾತ್ರಿ ಎರಡು ಗಂಟೆಗೆ ವಿಡಿಯೋ ಕಾಲ್‌ನಲ್ಲಿ ನೋಡುತ್ತಾ ಕೂತಿರುತ್ತಿದ್ದರು.

ಅದಕ್ಕೇ ಹೇಳುತ್ತಿದ್ದೇನೆ. ಕರ್ನಾಟಕದ ಫೈಲುಗಳನ್ನು ಮೊದಲು ಓದುವ ಕುರ್ಚಿಗೆ ಕನ್ನಡ ಓದುವುದು ‘ಬಂದರೆ ಒಳ್ಳೆಯದು’ ಆಗಬಾರದು. ‘ಬರಲೇಬೇಕು’ ಆಗಬೇಕು. ಹತ್ತು ಜನರ ವಿಭಾಗದಲ್ಲಿ ಇಬ್ಬರಿಗಾದರೂ ಪಹಣಿ, ಮಂಡಿ ಪಟ್ಟಿ, ವಂಶವೃಕ್ಷ ಮೂಲದಲ್ಲೇ ಓದಲು ಬರಲಿ. ಇದನ್ನು ಭಾಷಾಭಿಮಾನದ ಮಾತು ಅಂತ ತಿಳಿಯಬೇಡಿ. ಅಭಿಮಾನ ನನಗಿದೆ, ಆದರೆ ಇದು ಕೆಲಸದ ಮಾತು. ಬೆಂಗಳೂರಿಗೆ ಕಾನ್ಸುಲೇಟ್‌ಗಳು ಬರುತ್ತಲೇ ಇವೆ. 2025ರ ಜನವರಿಯಲ್ಲಿ ಅಮೆರಿಕದ್ದೂ ಉದ್ಘಾಟನೆಯಾಯಿತು. ಇಂಥ ಕುರ್ಚಿಗಳು ಇನ್ನೂ ಜಾಸ್ತಿಯಾಗಬಹುದು. ಶಿವಮೊಗ್ಗದಲ್ಲೋ ಹಾವೇರಿಯಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಇಂಗ್ಲಿಷ್ ಕಲಿತ ಹುಡುಗ ಹುಡುಗಿಯರೇ, ಅಪ್ಪನ ಜೊತೆ ನಾಡಕಚೇರಿಗೆ ಅಲೆದು ನೀವು ಕಲಿತದ್ದು ಅಲ್ಲಿ ಬೇಕಾಗಿದೆ. ಕಾನ್ವೆಂಟ್ ಇಂಗ್ಲಿಷ್ ಇಲ್ಲ ಅಂತ ಅರ್ಜಿ ಹಾಕದೆ ಕೂರಬೇಡಿ. ಬಯೋಡೇಟಾದಲ್ಲಿ ಕನ್ನಡವನ್ನು ಕೊನೆಯ ಸಾಲಿಗೆ ತಳ್ಳಬೇಡಿ.

ಆ ಕೆಲಸ ನನಗೆ ಸಿಗಲಿಲ್ಲ. ಏಳು ವಾರ ಕಾಯಿಸಿ ಎರಡು ಸಾಲಿನ ಇಮೇಲ್ ಕಳಿಸಿದರು. ಕಾರಣ ಹೇಳಲಿಲ್ಲ. ಎರಡು ದಿನ ಊಟ ಸೇರಲಿಲ್ಲ. ಸಾವಿತ್ರಮ್ಮನ ನಿಜವಾದ ಹೆಸರೇನೋ, ಅವರಿಗೆ ವೀಸಾ ಸಿಕ್ಕಿತ್ತೋ ಇಲ್ಲವೋ, ಅದನ್ನೂ ಕೇಳದೆ ಬಂದಿದ್ದೆ. ಈಗಲೂ ಆಗಾಗ ನೆನಪಾಗುತ್ತದೆ.

ಹೋದ ತಿಂಗಳು ಅದೇ ಕೆಲಸಕ್ಕೆ ಮತ್ತೆ ಜಾಹೀರಾತು ಬಂದಿದೆ. ಭಾಷೆಯ ಮೂರು ಸಾಲು ಹಾಗೇ ಇದೆ. ಮತ್ತೆ ಅರ್ಜಿ ಹಾಕಿದೆ, ಈ ಸಲ ಬೇಗ ಕರೆದಿದ್ದಾರೆ. ಮುಂದಿನ ಗುರುವಾರ ಬೆಳಗ್ಗೆ ಹತ್ತೂವರೆಗೆ. ಅಪ್ಪನ ಹತ್ತಿರ ನಮ್ಮ ತೋಟದ ಪಹಣಿಯ ಒಂದು ಪ್ರತಿ ಇಸಿದುಕೊಂಡಿದ್ದೇನೆ. ಮೊಬೈಲನ್ನು ಗೇಟಿನಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ, ಕಾಗದವನ್ನು ಒಳಗೆ ಬಿಡುತ್ತಾರೆ.