ಕಾಕಾನ ಹಡಗು, ನನ್ನ ಫೋನು

ನಮ್ಮ ಕಾಕಾ ಫೋನ್ ಮಾಡಿದರೆ ‘ಹಲೋ’ ಅನ್ನುವುದಿಲ್ಲ. ‘ತಮ್ಮಾ, ಒಂದು ಸಣ್ಣ ಮಾತು’ ಅನ್ನುತ್ತಾರೆ. ಇವತ್ತು ಮುಂಜಾನೆ ಐದೂವರೆಗೆ ಬಂದ ಸಣ್ಣ ಮಾತು ಇದು: ‘ಹಡಗಿನ್ಯಾಗ ಸೀನಿಯರ್ ಸಿಟಿಜನ್‌ಗೆ ಲೋವರ್ ಬರ್ತ್ ತಾನ ಬರ್ತದೋ, ಇಲ್ಲಾ ಹತ್ತಿದ ಮ್ಯಾಲ ಟಿಸಿಗೆ ಕೇಳ್ಬೇಕೋ?’

ಬ್ಯಾಸಗಿಯ ಕಲಬುರಗಿಯಲ್ಲಿ ಫ್ಯಾನಿನ ಗಾಳಿ ಒಂಚೂರು ತಣ್ಣಗಾಗುವುದೇ ನಸುಕಿನಲ್ಲಿ. ಮಾಳಿಗೆ ರಾತ್ರಿಯೆಲ್ಲ ಹಗಲಿನ ಬಿಸಿಲು ಕಕ್ಕುತ್ತಿರುತ್ತದೆ. ಕಣ್ಣು ಹತ್ತುವುದು ನಾಲ್ಕರ ಮೇಲೆ. ಕಾಕಾಗೆ ಇದೆಲ್ಲ ಗೊತ್ತು, ಅವರಿರುವುದೂ ಇದೇ ಊರಿನಲ್ಲಿ. ಆದರೆ ಅವರು ಆಡಿಟ್‌ನಲ್ಲಿದ್ದು ರಿಟೈರ್ ಆದವರು. ಯಾವ ಕಾಗದ ಬಂದರೂ ಅದರ ಮೇಲೊಂದು ಪ್ರಶ್ನೆ ಎಬ್ಬಿಸಿ ವಾಪಸ್ ಕಳಿಸುವುದು ನೌಕರಿಯುದ್ದಕ್ಕೂ ಅವರ ಕೆಲಸವಾಗಿತ್ತು. ಈಗ ಫೈಲು ಇಲ್ಲ, ನಾನಿದ್ದೇನೆ.

ವಾಕಿಂಗ್ ಗೆಳೆಯರೊಬ್ಬರು ಮುಂಬೈಯಿಂದ ಕ್ರೂಸ್, ಅಂದರೆ ಹಡಗಿನ ಮೋಜಿನ ತಿರುಗಾಟ, ಹೋಗಿಬಂದು, ಹಡಗಿನ ಕಟಕಟೆಗೆ ಒರಗಿ ತಂಪು ಕನ್ನಡಕ ಹಾಕಿಕೊಂಡ ಫೋಟೋ ಗ್ರೂಪಿಗೆ ಹಾಕಿದ್ದೇ ಇದಕ್ಕೆಲ್ಲ ಮೂಲ. ಮೊದಲಾದರೆ ಇಂಥದ್ದಕ್ಕೆ ಹೆಚ್ಚಾಗಿ ಸಿಂಗಾಪುರಕ್ಕೆ ವಿಮಾನ ಹತ್ತಬೇಕು, ಪಾಸ್‌ಪೋರ್ಟು, ವೀಸಾ. ಕಾಕಾ ಅಲ್ಲಿಗೇ ಬಿಟ್ಟುಬಿಡುತ್ತಿದ್ದರು. ಆದರೆ 2016ರ ಡಿಸೆಂಬರಿನಲ್ಲಿ ಇಟಲಿಯ ಕೋಸ್ಟಾ ಕಂಪನಿ ಹಡಗು ತಂದು ಮುಂಬೈಯಲ್ಲೇ ಬಿಡಾರ ಹೂಡಿ ಮಾಲ್ಡೀವ್ಸಿಗೆ ಜನರನ್ನು ಕರೆದೊಯ್ಯಲು ಶುರುಮಾಡಿತು. ಕೊರೊನಾದಲ್ಲಿ ಎಲ್ಲ ಬಂದಾಗಿ, 2021ರಿಂದ ಕಾರ್ಡೇಲಿಯಾ ಕಂಪನಿಯ ಹಡಗು ಅಲ್ಲಿಂದ ಗೋವಾ, ಲಕ್ಷದ್ವೀಪ ಅಂತ ಹೊರಡತೊಡಗಿತು. ದೇಶದೊಳಗಿನ ತಿರುಗಾಟವಾದರೆ ಆಧಾರ್ ಕಾರ್ಡ್ ಸಾಕು. ಆಧಾರ್ ಸಾಕು ಅನ್ನುವುದನ್ನು ಕಾಕಾಗೆ ಹೇಳಿದವರು ಯಾರೋ, ಅವರ ಮನೆಗೂ ಐದೂವರೆಗೆ ಫೋನ್ ಹೋಗಲಿ.

ನಮ್ಮ ರಾಜ್ಯಕ್ಕೇನು ಬಂದರಿಲ್ಲವೆ? ಇದೆ. ಪಣಂಬೂರಿನಲ್ಲಿ ನವಮಂಗಳೂರು ಬಂದರು ಇದೆ, ವಿದೇಶಿ ಕ್ರೂಸ್ ಹಡಗುಗಳೂ ಬರುತ್ತವೆ. ಬೆಳಿಗ್ಗೆ ಬಂದು, ಜನರನ್ನು ಕಾರ್ಕಳ, ಮೂಡುಬಿದಿರೆ ಕಡೆ ಸುತ್ತಿಸಿ, ಸಂಜೆಗೆ ಹೊರಟುಬಿಡುತ್ತವೆ. ಅಷ್ಟಕ್ಕೂ ಕಲಬುರಗಿಯವರಿಗೆ ಮಂಗಳೂರಿಗಿಂತ ಮುಂಬೈಯೇ ಹತ್ತಿರ. ರಾತ್ರಿ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಹತ್ತಿದರೆ ನಸುಕಿಗೆ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್; ಅಲ್ಲಿಂದ ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಕೂಗಳತೆ ದೂರ. ಹಿಂದೆಯೂ ಹೀಗೇ ಇತ್ತು ಬಿಡಿ. ಬಹಮನಿಗಳು ಕಲಬುರಗಿಯಲ್ಲಿ, ಆಮೇಲೆ ಬೀದರಿನಲ್ಲಿ ಕುಂತು ರಾಜ್ಯ ಆಳಿದರೂ ಹಡಗಿನ ವ್ಯವಹಾರ ಹೆಚ್ಚಾಗಿ ಮುಂಬೈ ಕಡೆಯ ಬಂದರುಗಳಾದ ದಾಭೋಳ, ಚೌಲ್ ಕಡೆಯೇ. 15ನೇ ಶತಮಾನದಲ್ಲಿ ರಷ್ಯಾದಿಂದ ಬಂದ ಅಫನಾಸಿ ನಿಕಿತಿನ್ ಚೌಲ್‌ನಲ್ಲಿ ಹಡಗಿಳಿದು, ಒಂದು ಕುದುರೆ ಹೊಡೆದುಕೊಂಡು ಬೀದರಿನ ತನಕ ಬಂದ. ಅವನಿಗೆ ದಾರಿಯುದ್ದಕ್ಕೂ ಫೋನ್ ಮಾಡುವ ಕಾಕಾ ಇರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ತಲೆ ತಿಂದದ್ದು ರಿಟರ್ನ್ ಟಿಕೆಟ್ಟು.

‘ಬರೋ ಟಿಕೆಟ್ ಯಾವಾಗ ಓಪನ್ ಆಗ್ತದ?’

‘ಕಾಕಾ, ಬರೋದು ಬೇರೆ ಇಲ್ಲ. ಅದೇ ಹಡಗು ನಿಮ್ಮನ್ನ ವಾಪಸ್ ಮುಂಬೈಗೇ ತಂದು ಬಿಡ್ತದ.’

‘ನಡುವ ಎಲ್ಲಿ ನಿಲ್ತದ?’

ನೀವು ಆರಿಸಿದ್ದು ಎಲ್ಲಕ್ಕಿಂತ ಕಡಿಮೆ ದರದ್ದು, ಅದು ಎಲ್ಲೂ ನಿಲ್ಲುವುದಿಲ್ಲ, ಎರಡು ರಾತ್ರಿ ನಡುಸಮುದ್ರದಲ್ಲಿ ತಿರುಗಿ ಬರುತ್ತದೆ ಎಂದೆ. ಫೋನಿನಲ್ಲಿ ಬಹಳ ಹೊತ್ತು ಮಾತಿಲ್ಲ. ಆಡಿಟಿನವರು ಸುಮ್ಮನಾದರೆ ಹೆದರಬೇಕು.

‘ಮುಂಬೈದಾಗ ಹತ್ತಿ ಮುಂಬೈದಾಗ ಇಳಿಯೋದು. ಅಂದ್ರ ಹೋಗಿದ್ದೆಲ್ಲಿಗೆ?’

‘ಸಮುದ್ರಕ್ಕೆ.’

‘ಸಮುದ್ರದಾಗ ಊರು ಯಾವ್ದು?’

‘ಊರು ಇಲ್ಲ ಕಾಕಾ.’

‘ಅಪ್ಪನ ಕೆರ್‍ಯಾಗ ಬೋಟಿನ್ಯಾಗ ಕುಂತು ಒಂದು ಸುತ್ತು ಹೊಡದಂಗ ಆತಲ್ಲೋ! ಇದಕ್ಕ ಇಷ್ಟು ರೊಕ್ಕ? ಟಿಎ ಬಿಲ್ಲಿನ್ಯಾಗ ಹಿಂಗ ಬರೆದಿದ್ರ ನಾ ಪಾಸೇ ಮಾಡ್ತಿದ್ದಿಲ್ಲ.’

ಅದೇ ದಿನ ಸಂಜೆ ಮತ್ತೆ ಸಣ್ಣ ಮಾತು. ‘ಎಲ್ಲೂ ನಿಲ್ಲಂಗಿಲ್ಲ ಅಂದ್ರ ನೀರು ಎಲ್ಲಿ ತುಂಬಿಸ್ತಾರ?’ ಸಮುದ್ರದ ನೀರನ್ನೇ ಒಳಗೆಳೆದು, ಕಾಯಿಸಿಯೋ ಸೋಸಿಯೋ ಉಪ್ಪು ತೆಗೆದು ಸಿಹಿನೀರು ಮಾಡುವ ಯಂತ್ರ ಹಡಗಿನಲ್ಲೇ ಇರುತ್ತದೆ, ಬಂದರಿನಲ್ಲೂ ತುಂಬಿಸಿಕೊಳ್ಳುತ್ತಾರೆ, ನಳ ಇಪ್ಪತ್ನಾಲ್ಕು ತಾಸು ಬರುತ್ತದೆ ಎಂದು ಹೇಳಿದೆ. ನಳ ಬರುವ ದಿನ ಅಂದರೆ ಮದುವೆಗೂ ಹೋಗದೆ ಕೊಡ, ಬಿಂದಿಗೆ, ಸಿಂಟೆಕ್ಸು ಕಾಯುತ್ತ ಕೂಡುವ ನಮ್ಮ ಓಣಿಯವರಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಾಗಿಲ್ಲ. ಕಾಕಾ ಆ ಕ್ಷಣವೇ ಖಾತ್ರಿ ಮಾಡಿದರು. ‘ಬುಕ್ ಮಾಡು. ನಿನ್ನ ಕಾಕಿ ಎರಡು ದಿನ ಮನಸಾರೆ ಬಟ್ಟಿ ಒಗೀಲಿ.’

ಹೊರಡುವುದು ದೀಪಾವಳಿ ಕಳೆದ ಮೇಲೆ. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಹಡಗಿಗೆ ಒಗ್ಗುವುದಿಲ್ಲ, ಅದು ಮುಂಬೈ ಬಿಟ್ಟು ಬೇರೆ ಕಡೆ ಹೋಗುತ್ತದೆ. ‘ಮಳಿ ಬಂತಂದ್ರ ನಾವು ಊರಿಗೆ ಬರ್ತೀವಿ, ಅದು ಊರು ಬಿಟ್ಟು ಹೋಗ್ತದೇನು?’ ಎಂದರು ಕಾಕಾ. ಬಿತ್ತನೆಯ ಲೆಕ್ಕದಲ್ಲಿ ಕೇಳಿದ್ದು. ನನ್ನ ಲೆಕ್ಕ ಬೇರೆ: ದೀಪಾವಳಿಯ ತನಕ ಬರಲಿರುವ ಸಣ್ಣ ಮಾತುಗಳದ್ದು.

ಸಾಮಾನಿನ ಪಟ್ಟಿ ಆಗಲೇ ಸಿದ್ಧ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್. ಬೆಂಕಿಯ ಭಯಕ್ಕೆ ಅವೆರಡೂ ಹಡಗಿನಲ್ಲಿ ಬಂದ್ ಎಂದೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಹೊರಗಿನ ಅಡುಗೆಯೂ ಬಿಡುವುದಿಲ್ಲ ಎಂದೆ. ‘ಅಡಗಿ ಅಲ್ಲೋ ಅದು, ಒಣಗಿದ್ದು’ ಎಂದು ವಾದ. ಹತ್ತಿದ ಮೇಲೆ ಎಲ್ಲರನ್ನೂ ನಿಲ್ಲಿಸಿ ಅಪಾಯ ಬಂದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಬೇಕು ಎಂದು ಕಲಿಸುತ್ತಾರೆ, ಅದು ಕಡ್ಡಾಯ ಎಂದೆ. ‘ಜಾಕೆಟ್ ಇಳಿಯೋವಾಗ ವಾಪಸ್ ಕೊಡಬೇಕಾ?’

ಒಮ್ಮೆ ಮಾತ್ರ ನನ್ನ ಸಿಟ್ಟು ಇಳಿಯಿತು. ಯಾಕಿಷ್ಟು ಹಟ ಎಂದು ಕೇಳಿದ್ದೆ. 1972ರ ಬರದಲ್ಲಿ ಅವರಪ್ಪ, ಅಂದರೆ ನಮ್ಮಜ್ಜ, ದುಡಿಯಲಿಕ್ಕೆ ಮುಂಬೈಗೆ ಹೋಗಿದ್ದರಂತೆ. ಬಂದರಿನ ಗೋಡೆಯಾಚೆಗೆ ಹಡಗಿನ ಹೊಗೆಗೊಳವೆ ಮಾತ್ರ ಕಾಣುತ್ತಿತ್ತಂತೆ. ‘ಉಳದಿದ್ದು ಹ್ಯಾಂಗಿರ್ತದ ಅಂತ ನಾ ಕೇಳ್ತಿದ್ದೆ. ಅವನರ ಎಲ್ಲಿ ನೋಡ್ಯಾನ?’ ಈಗಲೂ ಹುಸೇನ್‌ಸಾಗರ್ ರೈಲಿನ ಜನರಲ್ ಡಬ್ಬಿಯಲ್ಲಿ ಚಿತ್ತಾಪುರ, ಶಹಾಪುರದ ಕಡೆಯವರು ಸಿಮೆಂಟ್ ಚೀಲದಲ್ಲಿ ಪಾತ್ರೆ ತುಂಬಿಕೊಂಡು ಗುಳೆ ಹೋಗುತ್ತಾರೆ. ಕಾಕಾ ಹೋಗುವುದು ಎಸಿಯಲ್ಲಿ. ಅವತ್ತು ನಾನೇ ಫೋನ್ ಇಡಲಿಲ್ಲ.

ಆ ಮೆತ್ತನೆಯ ಮನಸ್ಸಿನಲ್ಲೇ ಕಂಪನಿಯವರ ಹತ್ತಿರ ಹೆಣಗಾಡಿ, ಸಮುದ್ರ ಕಾಣುವ ದೊಡ್ಡ ಕಿಟಕಿಯ ಕೋಣೆ ಹಿಡಿಸಿದೆ. ಇವತ್ತು ಐದೂವರೆಗೆ, ಲೋವರ್ ಬರ್ತ್ ಮುಗಿದ ಮೇಲೆ, ಎರಡನೆಯ ಸಣ್ಣ ಮಾತು ಬಂತು.

‘ಕಿಟಕಿ ಇಲ್ಲದ ಕೋಣಿ ಸೋವಿ ಅದ ಅಂತಲ್ಲ? ಅದೇ ಮಾಡಿಸು. ನಿನ್ನ ಕಾಕಿಗೆ ಗಾಣಗಾಪುರದ ಬಸ್ಸಿನ್ಯಾಗ ಕುಂತ್ರೇ ವಾಂತಿ ಆಗ್ತದ, ನೀರು ನೋಡಿದ್ರ ಇನ್ನಷ್ಟು.’

ಕಾಕಾ, ಓಕರಿಕೆ ಬಂದರೆ ದೂರದ ಅಂಚು ನೋಡುತ್ತ ಕೂಡಬೇಕು ಅಂತಾರೆ, ಕಿಟಕಿ ಇದ್ದರೇ ಒಳ್ಳೆಯದು, ಅಷ್ಟಕ್ಕೂ ಸಮುದ್ರ ನೋಡದೆ ಸಮುದ್ರಕ್ಕೆ ಯಾಕೆ ಹೋಗುವುದು ಎಂದು ಅರೆನಿದ್ದೆಯಲ್ಲೇ ಕೂಗಿದೆ.

‘ಸಮುದ್ರದ ಫೋಟೋ ಆಗ್ಲೇ ಗ್ರೂಪಿನ್ಯಾಗ ಬಂದಾವಲ್ಲ’ ಎಂದರು ಕಾಕಾ. ‘ನೀ ಮದ್ಲ ಆ ಕೋಣ್ಯಾಗ ಚಾರ್ಜಿಂಗ್ ಪಾಯಿಂಟ್ ಅದನೋ ಇಲ್ಲೋ ಕೇಳು.’