ಸಾವಿರ ಸೋಲ್ತೀವಿ ಅಂದಿದ್ದೆವಲ್ಲ!

ಇಂಗ್ಲೆಂಡಿನ ಡಿಸ್ಟ್ರಿಕ್ಟ್ ಕೌನ್ಸಿಲ್‌ಗಳನ್ನು, ಅಂದರೆ ಊರಿನ ಕಸ, ಮನೆ ಪರವಾನಗಿ ನೋಡಿಕೊಳ್ಳುವ ಸ್ಥಳೀಯ ಸಂಸ್ಥೆಗಳನ್ನು, ತೆಗೆದುಹಾಕುತ್ತಾರಂತೆ. 2024ರ ಡಿಸೆಂಬರ್‌ನಲ್ಲೇ ಅಲ್ಲಿನ ಸರ್ಕಾರ ಶ್ವೇತಪತ್ರ ಹೊರಡಿಸಿಬಿಟ್ಟಿದೆ. ತೆಗೆಯಲಿ ಬಿಡಿ. ನನ್ನ ಸಂಕಟವೇ ಬೇರೆ. ಡಿಸ್ಟ್ರಿಕ್ಟ್ ಹೋದರೆ ಅದರ ಚುನಾವಣಾ ಫಲಿತಾಂಶವೂ ಹೋಯಿತಲ್ವಾ? ಆ ಮಜಾ ಇನ್ನೆಲ್ಲಿ ಸಿಗುತ್ತೆ?

2023ರ ಮೇ 4 ನೆನಪಿದೆಯಲ್ಲ. ಎರಡು ದಿನ ಕಳೆದರೆ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕ. ಅದಕ್ಕೂ ಮುಂಚೆ ಸುಮಾರು 8,000 ಕೌನ್ಸಿಲರ್ ಸೀಟುಗಳಿಗೆ ವೋಟು. ಆಗ ಅಧಿಕಾರದಲ್ಲಿದ್ದ ಕನ್ಸರ್ವೇಟಿವ್ ಪಕ್ಷದ ಅಧ್ಯಕ್ಷ ಗ್ರೆಗ್ ಹ್ಯಾಂಡ್ಸ್ ಚುನಾವಣೆಗೆ ಮೊದಲೇ ಟಿವಿಯಲ್ಲಿ ಕೂತು, 'ನಾವು ಸಾವಿರಕ್ಕೂ ಹೆಚ್ಚು ಸೀಟು ಕಳೆದುಕೊಳ್ತೀವಿ ಅಂತ ತಜ್ಞರು ಹೇಳ್ತಿದ್ದಾರೆ' ಎಂದು ಹೋದಲ್ಲೆಲ್ಲ ಸಾರುತ್ತಿದ್ದರು. ನಮ್ಮ ಕಡೆ ಠೇವಣಿ ಕಳೆದುಕೊಳ್ಳುವವನೂ 'ಗೆಲುವು ನಮ್ಮದೇ' ಅಂತಾನೆ. ಈ ಮಹಾಶಯರು ಸೋಲಿಗೂ ಟಾರ್ಗೆಟ್ ಇಟ್ಟರು. ಲೆಕ್ಕಾಚಾರ ಸರಳ. ಸಾವಿರ ಅಂತ ಹೆದರಿಸಿ ಆರುನೂರು ಸೋತರೆ, ನಾನೂರು ಉಳಿಸಿದೆವು ಅಂತ ಪಟಾಕಿ ಹೊಡೆಯಬಹುದು. ಜನ ಎಷ್ಟು ಒಳ್ಳೆಯವರು ನೋಡಿ, ಅಧ್ಯಕ್ಷರ ಮಾತು ಸುಳ್ಳಾಗಬಾರದು ಅಂತ 1,063 ಸೀಟು ಕಳೆದುಕೊಟ್ಟರು. ಟಾರ್ಗೆಟ್ ಮುಟ್ಟಿ, ಮೇಲೆ 63 ಬೋನಸ್.

ಆಗಿನ ಪ್ರಧಾನಿ ರಿಷಿ ಸುನಕ್ ಅವರಿಗಂತೂ ಎದುರಾಳಿ ಲೇಬರ್ ಪಕ್ಷದ ಕಡೆಗೆ ಯಾವ ಅಲೆಯೂ ಕಾಣಿಸಲಿಲ್ಲವಂತೆ. ಕಾಲ ಕೆಳಗಿನ ನೆಲ ಹೋಗುತ್ತಿದ್ದರೂ ಅಲೆ ಕಾಣಲಿಲ್ಲ. ಲೇಬರ್‌ನವರು 500ಕ್ಕೂ ಹೆಚ್ಚು ಸೀಟು ಗಳಿಸಿ, ಅವತ್ತೇ ಡೌನಿಂಗ್ ಸ್ಟ್ರೀಟಿನ ಪ್ರಧಾನಿ ನಿವಾಸದ ಪರದೆಗೆ ಬಣ್ಣ ಆರಿಸುವ ಹುಮ್ಮಸ್ಸಿನಲ್ಲಿದ್ದರು. ಲಿಬರಲ್ ಡೆಮಾಕ್ರಾಟರು 400 ಚಿಲ್ಲರೆ ಸೀಟು ಎಣಿಸಿಕೊಂಡು ಕುಣಿದರು. ಮಿಡ್ ಸಫೊಕ್‌ನಲ್ಲಿ 34ರಲ್ಲಿ 24 ಸೀಟು ಹೊಡೆದು, ಬ್ರಿಟನ್ನಿನಲ್ಲೇ ಮೊದಲ ಸಲ ಒಂದು ಕೌನ್ಸಿಲ್‌ನಲ್ಲಿ ಪೂರ್ಣ ಬಹುಮತ ಪಡೆದ ಗ್ರೀನ್ ಪಕ್ಷದವರು ಮಾತ್ರ ನಿಜಕ್ಕೂ ಕುಣಿಯಬಹುದಿತ್ತು.

ಹಾಗಾದರೆ ಸೋತವರು ಯಾರು? ಪಾಪ, ಕೌನ್ಸಿಲರ್. ವರ್ಷಕ್ಕೆ ಕೆಲವು ಸಾವಿರ ಪೌಂಡ್ ಭತ್ಯೆಗೆ ಕಸದ ಡಬ್ಬಿ, ಮನೆ ಕಟ್ಟುವ ಪರವಾನಗಿ, ಪಕ್ಕದ ಮನೆಯವನ ಬೇಲಿಯ ಎತ್ತರ ಅಂತ ಸಂಜೆಗಳನ್ನು ಸವೆಸಿದವನು. ಸುನಕ್‌ಗಿಂತ ಮೊದಲು ಅದೇ ಪಕ್ಷದಿಂದ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಲಾಕ್‌ಡೌನ್‌ನಲ್ಲಿ ಪಾರ್ಟಿ ಮಾಡಿದ್ದಕ್ಕೆ, ಆಮೇಲೆ ಪ್ರಧಾನಿಯಾದ ಲಿಜ್ ಟ್ರಸ್ 49 ದಿನದಲ್ಲಿ ಮನೆ ಸಾಲದ ಬಡ್ಡಿ ಎಬ್ಬಿಸಿ ಹೋಗಿದ್ದಕ್ಕೆ ಇವನಿಗೆ ಶಿಕ್ಷೆ. ಇನ್ನು ಕೆಲವರು ರಸ್ತೆ ಗುಂಡಿಗೆ ಸಿಟ್ಟಾಗಿ ಇವನನ್ನು ಸೋಲಿಸಿದರು. ಗುಂಡಿ ಇವನದಲ್ಲ ಸ್ವಾಮಿ, ರಸ್ತೆ ಡಿಸ್ಟ್ರಿಕ್ಟಿನ ಮೇಲಿನ ಹಂತದ ಕೌಂಟಿ ಕೌನ್ಸಿಲ್‌ದು! ಮನೆ ಮುಂದಿನ ಕಸ ಎತ್ತುವುದು ಡಿಸ್ಟ್ರಿಕ್ಟು, ಎತ್ತಿದ ಕಸ ವಿಲೇವಾರಿ ಮಾಡುವುದು ಕೌಂಟಿ. ಕಾರ್ ಪಾರ್ಕಿನಲ್ಲಿ ನಿಲ್ಲಿಸಿದರೆ ಡಿಸ್ಟ್ರಿಕ್ಟಿಗೆ ದುಡ್ಡು. ರಸ್ತೆ ಬದಿ ನಿಲ್ಲಿಸಿದರೆ ಆ ಹೊಣೆ ಕೌಂಟಿದು. ಬೈಯೋಕೆ ಮುಂಚೆ ನಕ್ಷೆ ನೋಡಬೇಕು.

ಎಣಿಕೆ ನಡೆಯುವುದು ಸಾಮಾನ್ಯವಾಗಿ ಊರಿನ ಕ್ರೀಡಾ ಸಭಾಂಗಣದಲ್ಲಿ. ಬ್ಯಾಡ್ಮಿಂಟನ್ ಗೆರೆಗಳ ಮೇಲೆ ಮೇಜು, ಮೇಜಿನ ಮೇಲೆ ಕಾಗದದ ಕಟ್ಟು. ಅಭ್ಯರ್ಥಿಗಳು ಎದೆಗೆ ಬಣ್ಣದ ರಿಬ್ಬನ್ ಹೂವು ಸಿಕ್ಕಿಸಿಕೊಂಡು ಶತಪಥ ತಿರುಗುತ್ತಾರೆ. ಮತಯಂತ್ರ ಇಲ್ಲ. ಪೆನ್ಸಿಲ್ಲು, ಕಾಗದ, ಅದರ ಮೇಲೊಂದು ಗುಣಾಕಾರದ ಗುರುತು, ಅಷ್ಟೇ. ಆದರೆ ಜನ ಬರೀ ಗುರುತು ಹಾಕಿ ಸುಮ್ನಿರ್ತಾರಾ? ಕವಿತೆ ಬರೀತಾರೆ, ಬೈಗುಳ ಬರೀತಾರೆ, ನಗುಮುಖ ಬಿಡಿಸ್ತಾರೆ. ಆಗ ಚುನಾವಣಾಧಿಕಾರಿಯ ಸುತ್ತ ಎಲ್ಲ ಪಕ್ಷದವರೂ ಕತ್ತು ಚಾಚಿ ನಿಂತು, ಈ ಮಹಾನುಭಾವನ ಮನಸ್ಸಿನಲ್ಲಿ ಏನಿತ್ತು ಅಂತ ಚರ್ಚಿಸುತ್ತಾರೆ. 2015ರ ಸಂಸತ್ ಚುನಾವಣೆಯಲ್ಲಿ ವೇಲ್ಸ್‌ನ ಗ್ಲಿನ್ ಡೇವಿಸ್ ಅವರ ಹೆಸರಿನ ಮುಂದೆ ಯಾರೋ ಗಂಡಸಿನ ಮರ್ಮಾಂಗದ ಚಿತ್ರ ಬರೆದಿದ್ದರು. ಕಲಾವಿದ ಶಿಸ್ತಿನವನು, ಗೆರೆ ಚೌಕದ ಆಚೆ ಹೋಗಿರಲಿಲ್ಲ. ಚೌಕದೊಳಗೇ ಇದೆ, ಆದ್ದರಿಂದ ಇದು ಡೇವಿಸ್ ಅವರಿಗೇ ಬಿದ್ದ ವೋಟು ಎಂದು ತೀರ್ಪಾಯಿತು. ಇದನ್ನು ಊರಿಗೆಲ್ಲ ಹೇಳಿದವರೂ ಡೇವಿಸ್ ಅವರೇ. ಮತದಾರನ ಇಚ್ಛೆಯನ್ನು ಇಷ್ಟು ಗೌರವದಿಂದ ಕಾಣುವ ದೇಶ ಇನ್ನೊಂದಿದೆಯಾ ಹೇಳಿ.

ಅದೇ ದೇಶ 2023ರಲ್ಲಿ ಮೊದಲ ಬಾರಿ ಇಂಗ್ಲೆಂಡಿನ ಎಲ್ಲ ಬೂತ್‌ಗಳಲ್ಲಿ ಫೋಟೋ ಐಡಿ ಕೇಳಿತು. ಹಿರಿಯರ ಬಸ್ ಪಾಸ್ ನಡೆಯುತ್ತೆ. ಹುಡುಗರ ರೈಲ್ ಕಾರ್ಡ್ ನಡೆಯಲ್ಲ. ಕಾಲೇಜಿನ ಕಾರ್ಡೂ ನಡೆಯಲ್ಲ. ಕಾಮನ್‌ವೆಲ್ತ್ ದೇಶಗಳ ಪಾಸ್‌ಪೋರ್ಟ್ ನಡೆಯುತ್ತೆ. ಅಂದರೆ ಬೆಂಗಳೂರಿನಿಂದ ಕೆಲಸಕ್ಕೆ ಹೋಗಿ ಪಟ್ಟಿಯಲ್ಲಿ ಹೆಸರು ಹಾಕಿಸಿಕೊಂಡ ನಮ್ಮವನು ಭಾರತದ ಪಾಸ್‌ಪೋರ್ಟ್ ತೋರಿಸಿ ಧಾರಾಳವಾಗಿ ವೋಟು ಹಾಕಬಹುದು. ಅದೇ ಬೀದಿಯಲ್ಲಿ ಹುಟ್ಟಿದ ಹುಡುಗಿ ಕಾಲೇಜು ಕಾರ್ಡ್ ಹಿಡಿದುಕೊಂಡು ಹೊರಗೆ ನಿಲ್ಲಬೇಕು.

ಐಡಿ ತೋರಿಸೋದರಲ್ಲಿ ತಪ್ಪೇನು, ನಾವು ತೋರಿಸಲ್ವಾ ಅಂತೀರಿ. ನಮ್ಮಲ್ಲಿ ಮತದಾರರ ಚೀಟಿ ಇದೆ, ಅದಿಲ್ಲದಿದ್ದರೆ ಆಧಾರ್, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್ ಕೂಡ ಆಗುತ್ತೆ. ಅವರಲ್ಲಿ ರಾಷ್ಟ್ರೀಯ ಗುರುತಿನ ಚೀಟಿ ಅನ್ನೋದೇ ಇಲ್ಲ. ಇಷ್ಟೆಲ್ಲ ಯಾಕೆ? ಕಳ್ಳವೋಟು ತಡೆಯೋಕಂತೆ. 2019ರ ಇಡೀ ವರ್ಷ ಚುನಾವಣಾ ಅಕ್ರಮಕ್ಕೆ ಶಿಕ್ಷೆಯಾದದ್ದು ನಾಲ್ಕು ಪ್ರಕರಣದಲ್ಲಿ. ಐಡಿ ಇಲ್ಲ ಅಂತ ಬೂತಿನಿಂದ ವಾಪಸ್ ಹೋಗಿ, ಮತ್ತೆ ಬಾರದೇ ಇದ್ದವರು ಸುಮಾರು 14,000. ಇದು ಅಲ್ಲಿನ ಚುನಾವಣಾ ಆಯೋಗದ್ದೇ ಲೆಕ್ಕ. ಮೂವರಲ್ಲಿ ಇಬ್ಬರು ಮನೆಯಲ್ಲೇ ಕೂರುವ ಚುನಾವಣೆ ಇದು. ಬಂದವರೇ ಕಮ್ಮಿ. ಬಂದವರನ್ನೂ ಬಾಗಿಲಿನಿಂದ ಅಟ್ಟಿದಿರಿ. ಇದಕ್ಕೆ ಜೋಕ್ ಹೊಳೆಯುತ್ತಿಲ್ಲ, ನಾಚಿಕೆಗೇಡು ಅಷ್ಟೇ.

ಫಲಿತಾಂಶ ಬಂದು ಎರಡು ವಾರ ಆಗಿರಲಿಲ್ಲ. ಈ ಐಡಿ ಕಾನೂನು ತಂದ ಜಾನ್ಸನ್ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಜೇಕಬ್ ರೀಸ್-ಮಾಗ್ ಒಂದು ಸಮ್ಮೇಳನದಲ್ಲಿ ಬಾಯಿಬಿಟ್ಟರು. ಚುನಾವಣೆಯನ್ನು ತಮಗೆ ಬೇಕಾದ ಹಾಗೆ ತಿರುಚಲು ಹೋದ ಪಕ್ಷಗಳಿಗೆ ಅವರ ಜಾಣತನವೇ ತಿರುಗಿ ಕಚ್ಚುತ್ತೆ, ಐಡಿ ಇಲ್ಲದವರು ನಮಗೇ ವೋಟು ಹಾಕುವ ವಯಸ್ಸಾದವರು ಅಂತ ಆಮೇಲೆ ಗೊತ್ತಾಯಿತು ಅಂದರು. ಕದಿಯಲು ಹೋಗಿದ್ದು ತಪ್ಪಲ್ಲ, ಸ್ವಂತ ಜೇಬಿಗೇ ಕೈ ಹೋಯಿತಲ್ಲ ಅನ್ನುವುದೇ ದುಃಖ.

ಇನ್ನು ಕಾನೂನು ತಂದ ಬೋರಿಸ್ ಜಾನ್ಸನ್. 2024ರ ಮೇ 2ರಂದು ಸೌತ್ ಆಕ್ಸ್‌ಫರ್ಡ್‌ಶೈರ್‌ನ ಬೂತಿಗೆ ಹೋದರು, ಐಡಿ ಮರೆತು. ತನ್ನ ಹೆಸರು, ವಿಳಾಸ ಅಚ್ಚಾಗಿದ್ದ ಪತ್ರಿಕೆಯ ಲಕೋಟೆ ತೋರಿಸಿದರು. ದೇಶವೆಲ್ಲ ಗುರುತಿಸುವ ಆ ಕೆದರಿದ ತಲೆ ಎದುರಿಗೇ ಇತ್ತು. ಆದರೂ ಸಿಬ್ಬಂದಿ ಆಗಲ್ಲ ಅಂದರು. ಮಾಜಿ ಪ್ರಧಾನಿ ಮತ್ತೆ ಐಡಿ ಹಿಡಿದು ಬಂದು ವೋಟು ಹಾಕಿದರು. ಆಮೇಲೆ ತಮ್ಮನ್ನು ವಾಪಸ್ ಕಳಿಸಿದವರನ್ನು ಹೊಗಳಿ ಪತ್ರಿಕೆಯಲ್ಲಿ ಅಂಕಣವನ್ನೂ ಬರೆದರು. ಅದಕ್ಕೆ ಸಂಭಾವನೆಯೂ ಬಂದಿರುತ್ತೆ ಬಿಡಿ.