ಅನ್ನ ಬಿಡಿ ಅಂದ್ರು, ಅಕ್ಕಿ ಕೊಟ್ರು

ನಮ್ಮ ದೊಡ್ಡಮ್ಮನಿಗೆ 71 ವರ್ಷ, ತೂಕ 84 ಕೆಜಿ. ಮಂಡಿ ಎರಡೂ ಮುಷ್ಕರ ಹೂಡಿ ನಾಲ್ಕು ವರ್ಷವಾಯಿತು. ಇಷ್ಟು ಗಾತ್ರದವರು ತಿಂಗಳ ಕೊನೆಯಲ್ಲಿ ಬರೀ ಗಂಜಿ ಕುಡಿದು ಮಲಗುತ್ತಾರೆ ಅಂದರೆ ಯಾರೂ ನಂಬುವುದಿಲ್ಲ. ಹಸಿದವರು ಕಡ್ಡಿಯ ಹಾಗೆ ಇರಬೇಕು, ಅಲ್ವಾ?

ಮೊನ್ನೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಶುಗರ್ ನೋಡಿದರು, ಬಿಪಿ ನೋಡಿದರು, "ಅಮ್ಮಾ, ಅನ್ನ ಬಿಡಿ" ಅಂದರು. ಒಂದು ಚೀಟಿಯನ್ನೂ ಕೊಟ್ಟರು. ಬೆಳಿಗ್ಗೆ ಓಟ್ಸ್, ಹನ್ನೊಂದಕ್ಕೆ ನೆನೆಸಿದ ಬಾದಾಮಿ, ಮಧ್ಯಾಹ್ನ ಮೊಳಕೆ ಕಾಳು, ಸಂಜೆ ಸೇಬು, ಆಮೇಲೆ 45 ನಿಮಿಷ ಬಿರುಸು ನಡಿಗೆ. ದೊಡ್ಡಮ್ಮ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ನ್ಯಾಯಬೆಲೆ ಅಂಗಡೀಲಿ ತೋರಿಸಿದ್ರೆ ಕೊಡ್ತಾರೇನಪ್ಪಾ?" ಅಂತ ಕೇಳಿದರು.

ಅಲ್ಲಿ ಕೊಡುವುದು ಅಕ್ಕಿ. ಅದೃಷ್ಟವಿದ್ದರೆ ರಾಗಿ. 2023ರ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿಗೆ ಅಕ್ಕಿ ಸಿಗಲಿಲ್ಲ ಅಂತ ರಾಜ್ಯ ಸರ್ಕಾರ ತಿಂಗಳಿಗೆ ತಲೆಗೆ 170 ರೂಪಾಯಿ ಹಾಕಲು ಶುರು ಮಾಡಿತು. ದೊಡ್ಡಮ್ಮ ಆ ದುಡ್ಡಲ್ಲಿ ತೊಗರಿಬೇಳೆ ತಂದರು, ಮನೆಯಲ್ಲಿ ಗಟ್ಟಿ ಸಾರಿನ ವಾಸನೆ ಬಂತು. 2025ರ ಫೆಬ್ರವರಿಯಿಂದ ದುಡ್ಡು ನಿಂತು ಮತ್ತೆ ಅಕ್ಕಿಯೇ ಬಂತು, ಸಾರು ಮತ್ತೆ ನೀರಾಯಿತು.

ಉಳಿದದ್ದಕ್ಕೆ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿ ಇದೆ. ಮಾತ್ರೆ, ಹಾಲು, ಗ್ಯಾಸು ಆದ ಮೇಲೆ ಬಾದಾಮಿಯನ್ನು ಎಣಿಸಿ ತರಬೇಕು, ಬಹುಶಃ ಮೂರು. ಇನ್ನು ಕೇಂದ್ರದ ವೃದ್ಧಾಪ್ಯ ಪಿಂಚಣಿಯ ಪಾಲು 79 ವರ್ಷದವರೆಗೆ 200 ರೂಪಾಯಿ. 2007ರಲ್ಲೂ 200, ಈಗಲೂ 200. ಇಷ್ಟು ವರ್ಷದಲ್ಲಿ ಒಂದು ಗ್ರಾಂ ಕೂಡ ಏರಿಲ್ಲ ನೋಡಿ! ಡಯೆಟ್ ಅಂದರೆ ಅದು. ಡಾಕ್ಟರು ಆ 200 ರೂಪಾಯಿಯ ಫೋಟೋ ಗೋಡೆಗೆ ಹಾಕಿಕೊಳ್ಳಬೇಕು.

ನಡಿಗೆಯ ವಿಷಯ ಮಾತ್ರ ಸರ್ಕಾರ ನೋಡಿಕೊಂಡಿದೆ. ಪಾತ್ರೆ ತಿಕ್ಕಿ ತಿಕ್ಕಿ ಬೆರಳಿನ ಗೆರೆ ಸವೆದಿದೆ, ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ನೋಡುವ ಮಷೀನಿಗೆ ದೊಡ್ಡಮ್ಮ ಯಾರೆಂದೇ ಗೊತ್ತಾಗುವುದಿಲ್ಲ. "ಕೈ ತೊಳ್ಕೊಂಡು ಬನ್ನಿ" ಅಂತಾರೆ, ನಲ್ಲಿ ಇರುವುದು ಐದು ಮೆಟ್ಟಿಲು ಕೆಳಗೆ. ತೊಳೆದು ಏದುಸಿರು ಬಿಡುತ್ತಾ ಮೇಲೆ ಬಂದರೆ ಸರ್ವರ್ ಇಲ್ಲ, ನಾಳೆ ಬನ್ನಿ. ಈ ತಿಂಗಳು ನಾಲ್ಕು ಸಲ ಹೋದರು.

ನಿನ್ನೆ ಡಾಕ್ಟರು, "ವಾಕಿಂಗ್ ಮಾಡ್ತಿದ್ದೀರಾ ಅಮ್ಮಾ?" ಅಂತ ಕೇಳಿದರು.

"ಹೂಂ ಸ್ವಾಮಿ, ಸರ್ವರ್ ಇಲ್ಲದ ದಿನ ಎಲ್ಲಾ ಮಾಡ್ತೀನಿ. ಸರ್ವರ್ ಬಂದ ದಿನ ಅಕ್ಕಿ ಹೊತ್ಕೊಂಡು ಮಾಡ್ತೀನಿ."